ವೈರಾಗ್ಯವೆಂದು ನಾವು ಕರೆದದ್ದು

ನನ್ನ ಯಜಮಾನರು ಕೈಗಡಿಯಾರ ಬಿಚ್ಚಿ ಹಾಲಿನವನಿಗೆ ಕೊಟ್ಟ ದಿನ ನಾನು ಸಂತೋಷಪಟ್ಟೆ. ಇದನ್ನು ಮೊದಲೇ ಬರೆದುಬಿಡುವುದು ಒಳ್ಳೆಯದು. ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದವಳು ನಾನು. ಹೊಸ್ತಿಲು ದಾಟುವಾಗಲೇ ಆ ಮನೆಯಲ್ಲಿ ಯಾರಿಗೆ ಜ್ವರ, ಯಾರಿಗೆ ರಕ್ತ ಕಡಿಮೆ ಎಂದು ಹೇಳಬಲ್ಲೆ ಎಂಬ ಹೆಮ್ಮೆ ನನಗಿತ್ತು. ನನ್ನ ಮನೆಯಲ್ಲೇ ಒಬ್ಬರು ದಿನದಿಂದ ದಿನಕ್ಕೆ ಬದುಕಿನಿಂದ ದೂರ ಸರಿಯುತ್ತಿದ್ದರು. ಅದನ್ನು ನಾನು ಪುಣ್ಯ ಎಂದುಕೊಂಡೆ. ಎಲ್ಲಿ ತಪ್ಪಿದೆ, ಯಾರು ನನ್ನನ್ನು ತಿದ್ದಿದರು ಎಂಬುದನ್ನು ಬರೆಯದೆ ಹೋದರೆ ಉಪಕಾರ ಮರೆತಂತಾಗುತ್ತದೆ.

ನಾನು ಶಿಸ್ತು ಕಲಿತದ್ದು ವಿಜಯಪುರದ ನರ್ಸಿಂಗ್ ಹಾಸ್ಟೆಲಿನಲ್ಲಿ. ಐದಕ್ಕೆ ಗಂಟೆ. ಐದೂ ಕಾಲಿಗೆ ಚಾದರದ ನಾಲ್ಕೂ ಮೂಲೆ ಗಾದಿಯ ಕೆಳಗೆ ಮಡಚಿರಬೇಕು. ಒಬ್ಬರಿಗೆ ಒಂದೇ ಬಕೆಟ್ ನೀರು. ತಡವಾಗಿ ಬಂದವರಿಗೆ ನಾಷ್ಟಾ ಇಲ್ಲ, ಅಳುತ್ತ ಬಂದವರಿಗೂ ಇಲ್ಲ. ಮೊದಲ ವಾರ ಮನೆ ನೆನಪಾಗಿ ನಾನು ಅತ್ತಾಗ ಮೇಲ್ವಿಚಾರಕಿ ನನ್ನ ಕೈಗೆ ಫಿನೈಲು ಮತ್ತು ಬಟ್ಟೆ ಕೊಟ್ಟು ವಾರ್ಡು ಒರೆಸಲು ಹೇಳಿದರು. ಒರೆಸಿ ಮುಗಿಸುವಷ್ಟರಲ್ಲಿ ಅಳು ನಿಂತಿತ್ತು. ಅಳುವಿಗೆ ಕೆಲಸವೇ ಔಷಧ ಎಂದು ಅಂದೇ ನಂಬಿದೆ. ಹೊರ್ತಿಯಲ್ಲಿ, ಕನ್ನೊಳ್ಳಿಯಲ್ಲಿ, ಕೊನೆಗೆ ಮುದ್ದೇಬಿಹಾಳದಲ್ಲಿ ಆ ನಂಬಿಕೆಯ ಮೇಲೆಯೇ ನೌಕರಿ ಮಾಡಿದೆ. ಅದು ಪೂರ್ತಿ ಸುಳ್ಳು ಎಂದು ಈಗಲೂ ಹೇಳುವುದಿಲ್ಲ. ಎಲ್ಲ ಅಳುವಿಗೂ ಅದೇ ಔಷಧವಲ್ಲ ಎಂದು ಮಾತ್ರ ಹೇಳುತ್ತೇನೆ.

ಯಜಮಾನರದು ಆಲಮಟ್ಟಿಯಲ್ಲಿ ಕಾಲುವೆಯ ನೀರಿನ ಮಟ್ಟ ನೋಡಿ ಬರೆಯುವ ಕೆಲಸ. ಮುಂಜಾನೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಅಂಕಿ ಓದಿ ಕಚೇರಿಗೆ ತಿಳಿಸಬೇಕು. ಮಳೆ ಇರಲಿ, ಮನೆಯಲ್ಲಿ ಮದುವೆಯೇ ಇರಲಿ, ತಪ್ಪುವಂತಿಲ್ಲ. ಹೀಗಾಗಿ ಇಬ್ಬರೂ ಒಂದೇ ಜಾತಿಯವರಾದೆವು ಎಂದು ನನ್ನ ಅತ್ತೆ ನಗುತ್ತಿದ್ದರು. “ಜಗಳ ಆಡಾಕೂ ಟೈಮ್ ನೋಡ್ತಾವವ್ವ ಇವು ಎರಡೂ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಇಬ್ಬರ ನೌಕರಿಯೂ ಮುಗಿದ ಮೇಲೆ ಬಸವನ ಬಾಗೇವಾಡಿಯಲ್ಲಿ ಮನೆ ಮಾಡಿದೆವು. ಒಬ್ಬಳೇ ಮಗಳು ಇಂಡಿಯಲ್ಲಿ ಶಿಕ್ಷಕಿ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾಳೆ.

ನಿವೃತ್ತಿಯಾಗಿ ಎರಡನೆಯ ವರ್ಷ ನನ್ನನ್ನು ಮತ್ತೆ ಕರೆದರು. ಹಳ್ಳಿಗಳಲ್ಲಿ ಮನಸ್ಸಿನ ಖಿನ್ನತೆ ಇರುವವರನ್ನು ಗುರುತಿಸಿ, ಮಂಗಳವಾರ ವಿಜಯಪುರದಿಂದ ನಮ್ಮ ಊರಿನ ಆಸ್ಪತ್ರೆಗೆ ಬರುವ ಮನೋವೈದ್ಯರ ಹತ್ತಿರ ಕಳಿಸುವ ಕೆಲಸ. ಆಶಾ ಕಾರ್ಯಕರ್ತೆಯರಿಗೆ ಜೊತೆಯಾಗಿ ಅನುಭವ ಇರುವವರು ಯಾರಾದರೂ ಬೇಕಿತ್ತು. ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಒಂಬತ್ತು ಪ್ರಶ್ನೆಗಳು: ಯಾವುದರಲ್ಲೂ ಆಸಕ್ತಿ ಇಲ್ಲವೇ, ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಬದುಕಿರುವುದೇ ಬೇಡ ಅನ್ನಿಸುತ್ತದೆಯೇ, ಹೀಗೆ. ಹಾಳೆ ಕಂಡರೆ ನನಗೆ ಹುರುಪು. ದಿನಕ್ಕೆ ಹನ್ನೆರಡು ಮನೆ ಎಂದು ಗೊತ್ತು ಮಾಡಿಕೊಂಡೆ. ಹತ್ತು ಗಂಟೆಗೆ ಶುರು, ಒಂದಕ್ಕೆ ಮುಗಿಯಬೇಕು.

ಆ ಕೆಲಸದ ಮೂರನೆಯ ದಿನ ಕಂಡವಳು ನಮ್ಮ ಹಿಂದಿನ ಓಣಿಯ ಒಬ್ಬ ಮುಸ್ಲಿಂ ಸೊಸೆ. ಕುಪ್ಪಸ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಹೆರಿಗೆಯಾಗಿ ನಾಲ್ಕು ತಿಂಗಳಾಗಿತ್ತು. ಹೊಲಿಗೆ ಯಂತ್ರದ ಮೇಲೆ ಧೂಳು ಕೂತಿತ್ತು. ಕೂಸು ಅತ್ತರೂ ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದಳು. ಅವಳ ಅತ್ತೆ ಬಾಗಿಲಲ್ಲೇ ನನ್ನನ್ನು ಹಿಡಿದರು.

“ನೀವರ ಬುದ್ಧಿ ಹೇಳ್ರಿ ಬಾಯಾರ. ನಾ ಏಳ ಹಡದೇನಿ. ಹಡದ ಹನ್ನೆರಡನೇ ದಿನಕ್ಕ ಬಾಂವಿ ನೀರ ಹೊತ್ತೇನಿ. ಇಕಿಗೆ ಒಂದ ಕೂಸಿಗೇ ಇಷ್ಟ ಸೊಕ್ಕು.”

ನಾನೂ ಬುದ್ಧಿಯನ್ನೇ ಹೇಳಿದೆ. ಐದಕ್ಕೆ ಏಳು, ತಲೆ ಬಾಚು, ಯಂತ್ರದ ಮುಂದೆ ಕೂರು ಎಂದೆ. ಅವಳು ಹೂಂ ಎಂದಳು. ಹೋಗುವ ಮುಂಚೆ ಒಂಬತ್ತೂ ಪ್ರಶ್ನೆ ಕೇಳಿದೆ, ಕೇಳಬೇಕಾದದ್ದರಿಂದ. ಅವಳ ಮದುವೆಯ ಸೀರೆ ನಾದಿನಿಯ ಮೈಮೇಲಿತ್ತು. ಅದನ್ನು ಯಾಕೆ ಕೊಟ್ಟೆ ಎಂದು ಕೇಳಿದ್ದು ಹಾಳೆಯಲ್ಲಿ ಇರದ ಪ್ರಶ್ನೆ, ಬರೀ ನನ್ನ ಕುತೂಹಲ.

“ಇನ್ನ ನನಗ ಏನ್ ಬೇಕ್ರಿ,” ಎಂದಳು. ಅವಳ ಕಣ್ಣು ಒಣಗಿದ್ದವು. ಆ ದನಿ ಕೇಳಿ ನನ್ನ ಬುದ್ಧಿವಾದ ನನ್ನ ಬಾಯಲ್ಲೇ ನಿಂತಿತು. ಮಂಗಳವಾರದವರೆಗೆ ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಅತ್ತೆಗೆ ಗದರಿ ಹೇಳಿ, ಮಂಗಳವಾರ ಆಟೋದಲ್ಲಿ ನಾನೇ ಕೂರಿಸಿಕೊಂಡು ಹೋದೆ. ಎರಡು ತಿಂಗಳಲ್ಲಿ ಯಂತ್ರದ ಸದ್ದು ಮತ್ತೆ ಓಣಿಗೆ ಕೇಳತೊಡಗಿತು. ನನ್ನ ಹೆಮ್ಮೆ ಇನ್ನೂ ನಾಲ್ಕು ಬೆರಳು ಏರಿತು.

ನನ್ನ ಪಟ್ಟಿ ಬೆಳೆಯಿತು. ಪಟ್ಟಿಯಲ್ಲಿ ಹೆಂಗಸರೇ. ಒಂದು ಮಂಗಳವಾರ ವೈದ್ಯರು ಅದನ್ನು ತಿರುವಿ ನೋಡಿದರು. ಮೈಸೂರು ಕಡೆಯ ಎಳೆಯ ವಯಸ್ಸಿನವರು, ನಿಧಾನವಾಗಿ ಮಾತಾಡುವವರು.

“ಗಂಡಸರು ಯಾಕೆ ಇಲ್ಲಮ್ಮ?”

“ಹತ್ತ ಗಂಟೆಕ್ಕ ಗಂಡಸರು ಮನ್ಯಾಗ ಎಲ್ಲಿ ಇರ್ತಾರ್ರಿ ಸರ? ಅಲ್ಲದ ಅವರಿಗೆ ಏನ್ ಆಗಿರ್ತೈತ್ರಿ?”

ಅವರು ನಕ್ಕು, “ಅದನ್ನೂ ಒಮ್ಮೆ ಕೇಳಿಕೊಂಡು ಬನ್ನಿ,” ಎಂದರು. ನಾನು ಅದನ್ನು ತಮಾಷೆ ಎಂದುಕೊಂಡೆ.

ಆದರೂ ಹೆಂಗಸರಿಗೇ ಯಾಕೆ ಹೆಚ್ಚು ಎಂಬ ಪ್ರಶ್ನೆ ತಲೆಯಲ್ಲಿ ಕೂತಿತು. ಅದನ್ನು ಮೊದಲು ಕೇಳಿದ್ದು ಮಗಳಿಗೆ. ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಅವ್ವಾ, ನಮ್ಮ ಸಾಲ್ಯಾಗ ಆರನೇತ್ತೆ ತನಕ ಹುಡುಗರೂ ಹುಡುಗ್ಯಾರೂ ಒಂದ ಸವನ ನಗ್ತಾವ. ಎಂಟನೇತ್ತೆಗೆ ಬರೂದರಾಗ ಹುಡುಗ್ಯಾರ ಅರ್ಧಕ್ಕರ್ಧ ಸುಮ್ಮಾಗಿಬಿಡ್ತಾರ. ಮೈ ಬದಲಾಗೋ ಹೊತ್ತಿನ್ಯಾಗ ಆಟ ಬಂದ್, ಓಣಿ ಬಂದ್, ಜೋರ ನಗೂದೂ ಬಂದ್. ಹುಡುಗರಿಗೆ ಅದ ವಯಸ್ಸಿನ್ಯಾಗ ಸೈಕಲ್ ಕೊಡಸ್ತಾರ.” ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು. “ನಂಗೂ ಆಗಿತ್ತು. ನೀ ಆವಾಗ ಕಬ್ಬಿಣದ ಗುಳಗಿ ಕೊಟ್ಟಿ, ಟೈಮ್‌ಟೇಬಲ್ ಬರದ ಗ್ವಾಡಿಗೆ ಹಚ್ಚಿದಿ.”

“ಮತ್ತ ನೀ ಹೇಳಬೇಕಿಲ್ಲ?”

“ಟೈಮ್‌ಟೇಬಲ್‌ದಾಗ ಹೇಳೂ ಟೈಮ್ ಎಲ್ಲಿತ್ತು?”

ಇಬ್ಬರೂ ನಕ್ಕೆವು. ನಾನು ಅರ್ಧ ಮನಸ್ಸಿನಿಂದ ನಕ್ಕೆ. ಆದರೆ ಅದನ್ನು ಸಿಟ್ಟಿಲ್ಲದೆ ಹೇಳಿದಳಲ್ಲ, ಅದಕ್ಕೆ ಅವಳಿಗೆ ಕೃತಜ್ಞಳು.

ತಂಗಿಯ ಮಗಳೊಬ್ಬಳು ಐರ್ಲೆಂಡಿನಲ್ಲಿ ನರ್ಸು. ರವಿವಾರ ಫೋನು ಮಾಡುತ್ತಾಳೆ. ಅಲ್ಲಿ ಹೆಣ್ಣುಮಕ್ಕಳಿಗೆ ಸ್ವಂತ ಪಗಾರ, ಸ್ವಂತ ಮನೆ, ಬೇಡವಾದ ಗಂಡನನ್ನು ಬಿಡುವ ಧೈರ್ಯ. ಅಲ್ಲಿ ಈ ಬೇನೆ ಇಬ್ಬರಿಗೂ ಸಮ ಇರಬೇಕು ಎಂದು ನನ್ನ ಲೆಕ್ಕಾಚಾರ. ಅವಳು ನಕ್ಕಳು.

“ಇಲ್ಲಿನೂ ಹೆಂಗಸರ ಜಾಸ್ತಿ ಬರ್ತಾರ ದೊಡ್ಡವ್ವ. ದುಡದ ಬಂದು ಮನ್ಯಾಗ ಮತ್ತ ದುಡೀಬೇಕು, ಅದು ಇಲ್ಲಿನೂ ತಪ್ಪಿಲ್ಲ. ಹೊಡಿಯೋ ಗಂಡಸರು ಇಲ್ಲಿನೂ ಅದಾರ. ಹಡದ ಮ್ಯಾಲ ಮೈಯಾಗ ಆಗೂ ಏರುಪೇರು ಯಾವ ದೇಶದಾಗಾದರೂ ಅದ. ಆದರ ಇನ್ನೊಂದ ಮಾತ ಐತಿ. ಹೆಂಗಸರು ಬಾಯಿ ಬಿಡ್ತಾರ. ಗಂಡಸರು ಕುಡದ ಬಿದ್ದು ಬರ್ತಾರ, ಇಲ್ಲಾ ಸಿಟ್ಟಿನಾಗ ಕೈ ಮುರಕೊಂಡ ಬರ್ತಾರ. ಕೈಗೆ ಪಟ್ಟಿ ಕಟ್ಟಿ ಕಳಸ್ತೀವಿ. ಮನಸ್ಸ ಕೇಳೂದಿಲ್ಲ.”

ಮುದುಕರ ಮಾತೇನು ಎಂದು ಕೇಳಿದೆ. “ಮುದುಕ ಗಂಡಸರು ಒಮ್ಮಿಗೂ ಬರೂದಿಲ್ಲ ದೊಡ್ಡವ್ವ. ಬರೂದರಾಗ ಹೊತ್ತ ಮೀರಿರ್ತೈತಿ,” ಎಂದಳು. ಫೋನು ಇಟ್ಟಾಗ ಯಜಮಾನರು ಎದುರಿಗೇ ಕೂತಿದ್ದರು. ಅವರ ಮುಂದೆಯೇ ಇದೆಲ್ಲ ಮಾತಾಡಿದ್ದೆ. ನನಗೆ ಏನೂ ಹೊಳೆಯಲಿಲ್ಲ.

ಹೊಳೆಯದಿರಲು ಕಾರಣ ನಮ್ಮ ಊರಿನ ರೂಢಿ ಎಂದು ಈಗ ಅನ್ನಿಸುತ್ತದೆ. ಬಸವಣ್ಣ ಹುಟ್ಟಿದ ಊರು. ಇಲ್ಲಿ ಕೊಡುವವನು ದೊಡ್ಡವನು, ಕಡಿಮೆ ಉಣ್ಣುವವನು ದೊಡ್ಡವನು, ಮಾತು ಕಡಿಮೆ ಮಾಡಿದವನು ಇನ್ನೂ ದೊಡ್ಡವನು. ಯಜಮಾನರು ಮೊದಲು ಹಾಲಿನವನಿಗೆ ಕೈಗಡಿಯಾರ ಕೊಟ್ಟರು. ಆಮೇಲೆ ಸೈಕಲ್ಲು, ಕೊಡೆ, ಒಳ್ಳೆಯ ಎರಡು ಜೊತೆ ಧೋತರ. ರಾತ್ರಿ ಊಟ ಬಿಟ್ಟರು. ಚಹಾ ಬಿಟ್ಟರು. ಮುಂಜಾನೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಗುಡಿಯ ಕಟ್ಟೆಯ ಮೇಲೆ ಹೋಗಿ ಕೂತರೆ ಮಧ್ಯಾಹ್ನದವರೆಗೆ ಒಂದೇ ಕಡೆ ನೋಡುತ್ತ ಕೂತಿರುತ್ತಿದ್ದರು. ಮೊದಲು ‘ಕಾಕಾ’ ಎನ್ನುತ್ತಿದ್ದ ಜನ ‘ಮುತ್ಯಾ’ ಎನ್ನತೊಡಗಿದರು. ನಮ್ಮ ಕಡೆ ಮುತ್ಯಾ ಎಂದರೆ ಅಜ್ಜ. ಹಾಗೆಯೇ, ಕಾಲಿಗೆ ಬೀಳಬಹುದಾದ ದೊಡ್ಡ ಮನುಷ್ಯ.

“ನಿಮ್ಮವರು ಶರಣರ ಹಂಗ ಆಗ್ಯಾರ್ರಿ,” ಎಂದು ಸಂತೆಯಲ್ಲಿ ಒಬ್ಬರು ಹೇಳಿದಾಗ ನಾನು ಸೆರಗು ಸರಿ ಮಾಡಿಕೊಂಡು ಬೀಗಿದೆ. ಕಾಳುಕಡಿಯ ಒಬ್ಬ ವ್ಯಾಪಾರಿ ದಿನಾ ಅಂಗಡಿ ತೆರೆಯುವ ಮುಂಚೆ ಕಟ್ಟೆಗೆ ಬಂದು ಅವರ ಪಾದ ಮುಟ್ಟಿ ಹೋಗುತ್ತಿದ್ದರು. ಯಜಮಾನರು ಬೇಡ ಎನ್ನಲೂ ಇಲ್ಲ, ಹರಸಲೂ ಇಲ್ಲ. ಅದನ್ನೂ ಜನ ವೈರಾಗ್ಯ ಎಂದರು. ನಾನೂ ಎಂದೆ.

ಅವರು ಐದಕ್ಕೆ ಏಳುತ್ತಿದ್ದರು, ಗಡ್ಡ ಕೆರೆಯುತ್ತಿದ್ದರು, ಹಾಸಿಗೆ ಮಡಚುತ್ತಿದ್ದರು. ಹೊತ್ತು ತಪ್ಪದ ಮನುಷ್ಯನಿಗೆ ಬೇನೆ ಹೇಗೆ ಇದ್ದೀತು? ನನ್ನ ಹಾಸ್ಟೆಲಿನ ವಿದ್ಯೆ ಅಷ್ಟೇ ಕಲಿಸಿತ್ತು.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಆ ಹೊಲಿಗೆಯ ಹೆಣ್ಣುಮಗಳು ನನ್ನ ಕುಪ್ಪಸ ಕೊಡಲು ಬಂದಳು. ಕೂಸು ಬಗಲಲ್ಲಿತ್ತು. ಯಜಮಾನರು ಒಳಗೆ ಹೋಗಿ ಅವರ ತಾಯಿಯ ಹಿತ್ತಾಳೆ ತಂಬಿಗೆ ತಂದು ಅವಳ ಕೈಗಿಟ್ಟರು. “ಕೂಸಿಗೆ ನೀರ ಕುಡಸಾಕ ಇರಲಿ,” ಎಂದರು. ಎಷ್ಟೋ ದಿನದ ಮೇಲೆ ಆಡಿದ ಮಾತು. ಮತ್ತೆ ಹೊರಗೆ ಹೋಗಿ ಕುರ್ಚಿಯ ಮೇಲೆ ಕೂತರು.

ಅವಳು ತಂಬಿಗೆ ಹಿಡಿದು ನೇರ ಅಡುಗೆಮನೆಗೆ ಬಂದಳು.

“ಬಾಯಾರ, ಕಾಕಾ ಇದನ್ನ ಯಾಕ ಕೊಟ್ಟರು?”

“ಅವರು ಹಂಗ. ಎಲ್ಲಾ ಕೊಡಾಕತ್ತಾರ. ದೊಡ್ಡ ಮನಸ್ಸು.”

“ನಾನೂ ಕೊಟ್ಟಿದ್ದೆರಿ. ಬಳಿ ಕೊಟ್ಟೆ, ನಿಖಾದ ಸೀರಿ ಕೊಟ್ಟೆ. ನನಗ ಯಾರೂ ದೊಡ್ಡ ಮನಸ್ಸು ಅನಲಿಲ್ಲ. ಸೊಕ್ಕು ಅಂದ್ರು.”

“ಅವರಿಗೂ ನಿನಗೂ ಏನ್ ಹೋಲಿಕಿ? ನಿಂದು ಬಾಣಂತಿ ಮೈ. ಅವರು ವಯಸ್ಸಾದ ಗಂಡಸರು, ತಿಳದವರು.”

“ಗಂಡಸರಿಗೆ ಮನಸ್ಸು ಇರೂದಿಲ್ಲೇನ್ರಿ?” ಎಂದಳು ಅವಳು. ದನಿ ಏರಿಸಲಿಲ್ಲ. “ಸಿಟ್ಟ ಮಾಡಬ್ಯಾಡ್ರಿ. ಆ ಕಣ್ಣ ನನಗ ಗುರ್ತ ಅದಾವ. ನಾಲ್ಕ ತಿಂಗಳ ಕನ್ನಡಿಯೊಳಗ ನೋಡೇನಿ.”

ನಾನು ಸಿಟ್ಟು ಮಾಡಿದೆ. ಹೊಲಿಗೆ ಕೆಲಸ ನೋಡಿಕೋ, ನನ್ನ ಕೆಲಸ ನನಗೆ ಕಲಿಸಬೇಡ ಎಂದೆ. ಅವಳು ತಂಬಿಗೆಯನ್ನು ಅಡುಗೆ ಕಟ್ಟೆಯ ಮೇಲಿಟ್ಟು ಹೋದಳು.

ಆದರೆ ಮಾತು ಉಳಿಯಿತು. ಮರುದಿನ ಹಾಳೆ, ಪೆನ್ನು, ಚಾಳೀಸು ಕನ್ನಡಕ ತೆಗೆದುಕೊಂಡು ಯಜಮಾನರ ಎದುರು ಕೂತೆ. ಮೂವತ್ತೆಂಟು ವರ್ಷ ಜೊತೆಗೆ ಬಾಳಿದವರ ಎದುರು ಅಂಗನವಾಡಿಯಲ್ಲಿ ಕೂತ ಹಾಗೆ ಕೂತೆ. ಒಂದೊಂದೇ ಓದಿದೆ. ಮನಸ್ಸಿಗೆ ಬೇಸರ ಆಗ್ತದೆಯೇ? ಇಲ್ಲ. ನಿದ್ದೆಯ ತೊಂದರೆ? ಇಲ್ಲ. ಊಟ? ಸರಿ ಐತಿ. ಬದುಕಿರೋದು ಬೇಡ ಅನ್ನಿಸುತ್ತದೆಯೇ? ಅಲ್ಲಿ ಸ್ವಲ್ಪ ತಡೆದರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. “ಇಲ್ಲ,” ಎಂದರು. ಒಂಬತ್ತಕ್ಕೆ ಒಂಬತ್ತೂ ಇಲ್ಲ. ಕೂಡಿದರೆ ಸೊನ್ನೆ. ನಾನು ಹಾಳೆ ಮಡಚಿ ನಿರಾಳವಾದೆ. ಆ ತಡೆದದ್ದನ್ನು ಬರೆಯಲು ಹಾಳೆಯಲ್ಲಿ ಜಾಗ ಇರಲಿಲ್ಲ. ನಾನೂ ಹುಡುಕಲಿಲ್ಲ.

ಹೊಲಿಗೆಯವಳಿಗೆ ಅದನ್ನೇ ಹೇಳಿಕಳಿಸಿದೆ. ಎರಡು ದಿನ ಬಿಟ್ಟು ತಾನೇ ಬಂದಳು. ಕೂಸನ್ನು ನೆಲದ ಮೇಲೆ ಬಿಟ್ಟು, ಗುಂಡಿ ಹಚ್ಚಬೇಕಿದ್ದ ನಾಲ್ಕು ಕುಪ್ಪಸ ಚೀಲದಿಂದ ತೆಗೆದು, ಪಡಸಾಲೆಯಲ್ಲಿ ಯಜಮಾನರ ಕುರ್ಚಿಯಿಂದ ಸ್ವಲ್ಪ ದೂರ ಕೂತು ಸೂಜಿ ಪೋಣಿಸಿದಳು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಅವಳು ಅವರಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತನ್ನದೇ ಹೇಳತೊಡಗಿದಳು.

“ಕಾಕಾ, ಈ ಕೂಸ ಹುಟ್ಟಿದಾಗ ನನಗ ಇದು ನನ್ನದು ಅಂತ ಅನಸಲೇ ಇಲ್ಲರಿ. ಯಾರಿಗಿ ಹೇಳೂದು? ತಾಯಿ ಆದಾಕಿ ಹಿಂಗ ಅಂದ್ರ ಮಂದಿ ಏನಂದಾರು. ಮುಂಜಾನೆ ಎಚ್ಚರಾದ ಕೂಡಲೇ ಅಯ್ಯ, ಮತ್ತ ಬೆಳಗಾತಲ್ಲ ಅನಸ್ತಿತ್ತು. ಎಲ್ಲಾರಿಗೂ ಒಂದೊಂದ ಸಾಮಾನ ಕೊಟ್ಟ ಬಿಟ್ಟರ ನನ್ನ ಹಾದಿ ನನಗ ಹಗರ ಆಗ್ತೈತಿ ಅಂತ ಮಾಡಿದ್ದೆ.”

ಹೀಗೆಯೇ ಹೇಳುತ್ತ ಹೋದಳು. ಎರಡು ಕುಪ್ಪಸದ ಗುಂಡಿ ಮುಗಿದವು. ಕೂಸು ತೆವಳಿ ಬಂದು ಯಜಮಾನರ ಪಾದದ ಮೇಲೆ ಕೈಯಿಟ್ಟಿತು. ನನಗೆ ಕೇಳಿದ್ದು ಯಜಮಾನರ ದನಿ, ಬಹಳ ಸಣ್ಣಗೆ.

“ನಂಗೂ ಮತ್ತ ಬೆಳಗಾತಲ್ಲ ಅನಸ್ತೈತಿ ನೋಡವ್ವ.”

ಅವಳು ತಲೆ ಎತ್ತಲಿಲ್ಲ, ಹೊಲಿಗೆ ನಿಲ್ಲಿಸಲಿಲ್ಲ. “ಎಷ್ಟ ದಿನದಿಂದ ಕಾಕಾ?”

“ಒಂದ ವರ್ಷ ಆತು. ಎದಿ ಮ್ಯಾಲ ಬೀಸೂ ಕಲ್ಲ ಇಟ್ಟಂಗ. ಕೆಲಸ ಇದ್ದಾಗ ಆರ ಗಂಟೆಗೆ ಯಾರರ ನನ್ನ ದಾರಿ ನೋಡ್ತಿದ್ದರು. ಈಗ ಯಾರೂ ನೋಡೂದಿಲ್ಲ. ಕಾಲಿಗಿ ಬೀಳ್ತಾರ, ಆದರ ಹೆಂಗ ಅದೀರಿ ಅಂತ ಕೇಳೂದಿಲ್ಲ. ಇರೂದು ಸಾಕು ಅನಸೇತಿ.”

“ಬಾಯಾರಿಗೆ ಹೇಳಬೇಕಿಲ್ಲರಿ?”

“ಆಕಿ ಊರ ಮಂದಿದು ನೋಡ್ತಾಳ. ಮನ್ಯಾಗೂ ಒಂದ ಫಾರ್ಮ್ ತುಂಬೂದು ಬ್ಯಾಡ ಅಂತ ಸುಮ್ಮನಾದೆ.”

ನಾನು ಹಿಟ್ಟಿನ ಕೈಯಲ್ಲೇ ಬಾಗಿಲ ಹಿಂದೆ ನಿಂತಿದ್ದೆ. ಮನೆ ಮನೆಗೆ ಹೋಗಿ ಕೇಳುವ ಕೆಲಸವನ್ನೇ ಜೀವನವಿಡೀ ಮಾಡಿದ್ದೆ. ನನ್ನದನ್ನು ಮೊದಲು ಹೇಳಿ, ಆಮೇಲೆ ಸುಮ್ಮನೆ ಕೂರಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಅದನ್ನು ಏಳನೇ ತರಗತಿ ಕಲಿತ ಹೆಣ್ಣುಮಗಳೊಬ್ಬಳು ಗುಂಡಿ ಹಚ್ಚುತ್ತ ಮಾಡಿ ತೋರಿಸಿದಳು.

ಹೊರಗೆ ಬಂದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. “ತಪ್ಪಾತು ನಂದು,” ಎಂದೆ. ಅವರು ನನ್ನ ಕೈ ನೋಡಿ, “ಹಿಟ್ಟ ಒಣಗಾಕತ್ತೈತಿ, ತೊಳಕೊ ಹೋಗು,” ಎಂದರು. ನಾನು ಏಳಲಿಲ್ಲ.

ಮಂಗಳವಾರಕ್ಕೆ ಮೂರು ದಿನ ಇತ್ತು. ಅಂದೇ ಸಂಜೆ ವೈದ್ಯರಿಗೆ ಫೋನು ಮಾಡಿದೆ. ಒಬ್ಬರನ್ನೇ ಬಿಡಬೇಡಿ, ಸಾಯುವ ಮಾತು ಹೆಚ್ಚಾದರೆ ತಡ ಮಾಡದೆ ವಿಜಯಪುರಕ್ಕೆ ಕರೆದುಕೊಂಡು ಬನ್ನಿ ಎಂದರು. ಮಗಳು ರಜೆ ಹಾಕಿ ಇಂಡಿಯಿಂದ ಬಂದಳು. ಹೊಲಿಗೆಯವಳೂ ಸೇರಿ ನಾವು ಮೂವರು ಹೆಂಗಸರು ಪಾಳಿ ಹಚ್ಚಿ ಅವರ ಜೊತೆ ಇದ್ದೆವು. ಪಾಳಿ ಎಂದು ಅವರಿಗೆ ತಿಳಿಯಬಾರದು ಎಂದುಕೊಂಡಿದ್ದೆವು. ಎರಡನೆಯ ದಿನವೇ, “ಈಗ ಯಾರ ಡ್ಯೂಟಿ?” ಎಂದು ಕೇಳಿದರು.

ಆದರೆ ಮಂಗಳವಾರ ಮುಂಜಾನೆ ಹೊಸ್ತಿಲಲ್ಲೇ ನಿಂತರು.

“ನಾ ಬರೂದಿಲ್ಲ. ಆ ಪಾಳ್ಯಾಗ ಮಂದಿ ನೋಡ್ತಾರ. ಮುತ್ಯಾಗ ಹುಚ್ಚ ಹಿಡದೈತಿ ಅಂತಾರ. ಹೆಂಗಸರು ಕೂಡೂ ಜಾಗಾ ಅದು.”

ಅವರು ಹೇಳಿದ್ದು ಸುಳ್ಳಲ್ಲ. ಆ ಬೆಂಚಿನ ಮೇಲೆ ಹೆಂಗಸರನ್ನೇ ತಂದು ಕೂರಿಸಿದವಳು ನಾನೇ. ನಾನು ಜೋರು ಮಾಡಲಿಲ್ಲ, ಮೊದಲಿನಂತಿದ್ದರೆ ಮಾಡುತ್ತಿದ್ದೆ. ಮಗಳು ಅವರ ಚಪ್ಪಲಿ ತಂದು ಮುಂದಿಟ್ಟು, “ಅಪ್ಪಾ, ಮಂದಿ ಸಲುವಾಗಿ ಹೋಗಬ್ಯಾಡ. ನನ್ನ ಸಲುವಾಗಿ ಬಾ. ನನಗ ನೀ ಬೇಕು,” ಎಂದಳು. ಅವರು ಬಹಳ ಹೊತ್ತು ಚಪ್ಪಲಿಯನ್ನೇ ನೋಡಿದರು. ಆಮೇಲೆ ಮೆಟ್ಟಿಕೊಂಡರು. ಹೆಗಲ ಮೇಲಿನ ಟವೆಲನ್ನು ತಲೆಗೆ ಹೊದ್ದು ಮುಖ ಮುಚ್ಚಿಕೊಂಡು ಆಟೋ ಹತ್ತಿದರು.

ವೈದ್ಯರು ನನ್ನನ್ನು ಹೊರಗೆ ಕಳಿಸಿದರು. ಅರ್ಧ ತಾಸಿನ ಮೇಲೆ ಕರೆದು, ಇದು ವೈರಾಗ್ಯವಲ್ಲ, ಬೇನೆ. ಗುಣವಾಗುವ ಬೇನೆ ಎಂದರು. ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಚೆನ್ನಾಗಿದೆ ಎಂದು ನಡುವೆ ಬಿಡಬಾರದು, ಪ್ರತಿ ಸಲ ಬಂದು ಮಾತಾಡಬೇಕು ಎಂದರು. ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. “ಈಗ ನಿಮ್ಮ ಪಟ್ಟಿಗೆ ಒಬ್ಬ ಗಂಡಸು ಬಂದರು,” ಎಂದು ಮಾತ್ರ ಹೇಳಿದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಮೊದಲ ಎರಡು ವಾರ ಏನೂ ಆಗಲಿಲ್ಲ. ನಾನು ದಿನಾ ಅವರ ಮುಖ ನೋಡುತ್ತಿದ್ದೆ, ಅವರು ಗೋಡೆ ನೋಡುತ್ತಿದ್ದರು. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಟ್ಟೆ. ನನ್ನ ಶಿಸ್ತು ಅಷ್ಟಕ್ಕಾದರೂ ಬಂತು. ಹಳ್ಳಿಯ ಸುತ್ತಾಟವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿದೆ. ಸಂಜೆ ಅವರ ಪಕ್ಕ ಕೂತು ನನ್ನದನ್ನೇ ಹೇಳತೊಡಗಿದೆ: ಕನ್ನೊಳ್ಳಿಯಲ್ಲಿ ನನ್ನ ಕೈಯಲ್ಲಿ ಒಂದು ಕೂಸು ಉಳಿಯದೆ ಹೋದದ್ದು, ಅದನ್ನು ಮನೆಗೆ ಬಂದು ಹೇಳದೆ ಪಾತ್ರೆ ತಿಕ್ಕಿದ್ದು. ಮಗಳು ಪರಊರಿಗೆ ಹೋದ ವರ್ಷ ನಾನೂ ಸುಮ್ಮನೆ ಗೋಡೆ ನೋಡಿದ್ದು. ಅವರು ಕೇಳುತ್ತಿದ್ದರು. “ಇದನ್ನ ಯಾಕ ಆವಾಗ ಹೇಳಲಿಲ್ಲ?” ಎಂದು ಒಂದು ದಿನ ಕೇಳಿದರು. “ನೀವು ಆರ ಗಂಟೆಕ್ಕ ಅಂಕಿ ಓದಾಕ ಹೋಗಬೇಕಿತ್ತಲ್ಲ,” ಎಂದೆ. ಅವರ ತುಟಿಯ ಒಂದು ಮೂಲೆ ಏರಿತು. ನಗು ಎನ್ನುವಷ್ಟಲ್ಲ, ಆದರೂ ನಾನು ಅದನ್ನು ಗುರುತಿಟ್ಟುಕೊಂಡೆ.

ಐದನೆಯ ವಾರ ಒಂದು ಮುಂಜಾನೆ ತಾಟು ಸರಿಸಿ, “ಪುಂಡಿ ಪಲ್ಯಾಕ ಉಪ್ಪ ಹಾಕೀಯೋ ಇಲ್ಲೊ?” ಎಂದು ಗದರಿದರು. ಒಂದು ವರ್ಷದಿಂದ ನನ್ನ ಅಡುಗೆಗೆ ಒಂದು ಮಾತು ಅಂದವರಲ್ಲ. ನಾನು ಉಪ್ಪು ತರಲು ಒಳಗೆ ಹೋಗಿ ಅಲ್ಲೇ ನಿಂತು ಅತ್ತೆ. ಈ ಸಲ ನೆಲ ಒರೆಸಲು ಹೋಗಲಿಲ್ಲ. ಹೊರಗಿನಿಂದ ಇನ್ನೊಮ್ಮೆ ಗದರಿಕೆ ಬಂತು. “ಉಪ್ಪ ತರಾಕ ಮುದ್ದೇಬಿಹಾಳಕ್ಕ ಹೋದಿಯೇನು?”

ದಿನಗಳು ಹಾಗೆ ಏರುತ್ತ ಇಳಿಯುತ್ತ ಹೋದವು. ಕೆಟ್ಟ ವಾರಗಳೂ ಬಂದವು. ಈಗ ಅವರು ಗುಡಿಗೆ ಹೋಗುತ್ತಾರೆ, ಕೈ ಮುಗಿದು ತಿರುಗಿ ಬರುತ್ತಾರೆ. ಚಹಾ ಕುಡಿಯುತ್ತಾರೆ. ಹೊಲಿಗೆಯ ಹೆಣ್ಣುಮಗಳ ಕೂಸು ಈಗ ನಡೆಯುತ್ತದೆ. ಅದು ಬಂದರೆ ನಮ್ಮ ಮನೆಯ ಯಾವ ಸಾಮಾನೂ ಅದರ ಜಾಗದಲ್ಲಿ ಉಳಿಯುವುದಿಲ್ಲ. ಅವಳ ಅತ್ತೆ ಮೊನ್ನೆ ನನ್ನನ್ನು ತಡೆದು, “ನಮ್ಮ ಸೊಸಿ ಡಾಕ್ಟರ್ ಆಗ್ಯಾಳಂತಲ್ಲರಿ,” ಎಂದು ಕೇಳಿದರು. ಹಂಗಿಸಲು ಶುರು ಮಾಡಿದ ಮಾತು ಹೆಮ್ಮೆಯಲ್ಲಿ ಮುಗಿಯಿತು. “ಹೌದ್ರಿ, ನನಗಿಂತ ಚಲೋ ಡಾಕ್ಟರ್,” ಎಂದೆ. ಅವಳಿಗೆ ನಾನು ಕೊಡಬಹುದಾದದ್ದು ಏನೂ ಇಲ್ಲ. ಈಗ ಹಳ್ಳಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತೇನೆ, ಮಾತು ಅವಳಿಗೆ ಬಿಡುತ್ತೇನೆ. ದಿನಕ್ಕೆ ಹನ್ನೆರಡು ಮನೆ ಆಗುವುದಿಲ್ಲ. ನಾಲ್ಕು ಆಗುತ್ತವೆ.

ಕಳೆದ ಸೋಮವಾರ ಕಾಳುಕಡಿಯ ವ್ಯಾಪಾರಿ ಮನೆಗೇ ಬಂದರು. ಬಹಳ ದಿನದಿಂದ ಮುತ್ಯಾ ಕಟ್ಟೆಯ ಮೇಲೆ ಕಾಣಲಿಲ್ಲ, ದರ್ಶನ ಆಗಲಿಲ್ಲ ಎಂದು ಬಗ್ಗಿ ಪಾದ ಮುಟ್ಟಲು ಹೋದರು. ಯಜಮಾನರು ಕಾಲು ಹಿಂದಕ್ಕೆ ತೆಗೆದುಕೊಂಡರು.

“ಬ್ಯಾಡ್ರಿ ಶೆಟ್ಟರ. ನಾ ಮುತ್ಯಾ ಅಲ್ಲ, ಶರಣನೂ ಅಲ್ಲ. ನನಗ ಬ್ಯಾನಿ ಬಂದಿತ್ತು, ಮನಸ್ಸಿಂದು. ಒಂದ ವರ್ಷ ಯಾವುದರಾಗೂ ರುಚಿ ಇರಲಿಲ್ಲ, ಬದುಕೋದು ಬ್ಯಾಡಾಗಿತ್ತು. ಅದಕ್ಕ ಎಲ್ಲಾ ಕೊಟ್ಟೆ. ಈಗ ಗುಳಗಿ ತಗೊಳ್ಳಾಕತ್ತೇನಿ.”

ಊರೆಲ್ಲ ಹರಡುತ್ತದೆ ಎಂದುಕೊಂಡೆ. ವ್ಯಾಪಾರಿ ಬಗ್ಗಿದವರು ನಿಧಾನವಾಗಿ ನೆಟ್ಟಗಾದರು. ನನ್ನ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಹೊರಡುತ್ತಾರೆ ಎಂದುಕೊಂಡೆ. ಅವರು ಎದುರಿನ ಕುರ್ಚಿ ಎಳೆದುಕೊಂಡು ಕೂತರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಅದರ ಅಂಚನ್ನು ತಿದ್ದುತ್ತ ಕೇಳಿದರು.

“ಆ ಡಾಕ್ಟರ್ ಯಾವ ವಾರ ಕೂಡ್ತಾರ್ರಿ?”

“ಮಂಗಳವಾರ,” ಎಂದರು ಯಜಮಾನರು. “ಹತ್ತರ ಒಳಗ ಬರ್ರಿ, ಆಮ್ಯಾಲ ಪಾಳಿ ಉದ್ದಾಗ್ತೈತಿ. ನಂದೂ ನಾಳೆ ಐತಿ. ಕೂಡೇ ಹೋಗೂಣು.”